ರೇಮಸ್ ಎಂಬ ಕವಲು

ಶರೀರಶಾಸ್ತ್ರದ ಒಂದು ಶಬ್ದವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡವನ್ನು ಓದಿ, ಕನ್ನಡವನ್ನೇ ಕಲಿಸಿ ನಿವೃತ್ತನಾದವನು. ಆದರೆ ಆ ಶಬ್ದ ತಾನಾಗಿಯೇ ನಮ್ಮ ಮನೆಗೆ ಬಂದಿತು. ಅದರ ಅರ್ಥವನ್ನು ವಿಚಾರಿಸದೆ ಗತಿಯಿರಲಿಲ್ಲ.

ಗೋಕಾವಿ ತಾಲೂಕಿನ ಮೇಲವಂಕಿಯಲ್ಲಿ ನನ್ನ ಅಕ್ಕ ಇದ್ದಾಳೆ. ಎಪ್ಪತ್ತೈದು ದಾಟಿದವಳು. ಕಳೆದ ಮಳೆಗಾಲದಲ್ಲಿ ಹಿತ್ತಲಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ಪೇಟೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಕೈಗೆ ಬಂದ ಚೀಟಿಯಲ್ಲಿ ‘ಇನ್‌ಫೀರಿಯರ್ ಪ್ಯೂಬಿಕ್ ರೇಮಸ್, ಫ್ರ್ಯಾಕ್ಚರ್’ ಎಂದು ಬರೆದಿತ್ತು. ಎಲುಬಿನ ವೈದ್ಯರು ಸಿಗುವುದು ಎರಡು ದಿನ ಬಿಟ್ಟು. ನಮ್ಮ ಕಡೆ ಮುದುಕರು ಬಿದ್ದು ‘ಟೊಂಕ ಮುರೀತು’ ಎಂದರೆ, ಅವರು ಇನ್ನು ಹಾಸಿಗೆಯಿಂದ ಏಳುವುದಿಲ್ಲವೆಂದೇ ಜನ ತಿಳಿಯುತ್ತಾರೆ. ಆ ಎರಡು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸೊಸೆಯಂದಿರು ಅಡಿಗೆಮನೆಯಲ್ಲಿ ಕುಳಿತು ಅತ್ತರು. ಅಕ್ಕ ಮಾತ್ರ ನನ್ನನ್ನು ಹತ್ತಿರ ಕರೆದು ಕೇಳಿದಳು: “ತಮ್ಮಾ, ರಾಮನ ಹೆಸರಿನ ಎಲುವೂ ಐತೇನೋ ಮೈಯಾಗ? ಅದ ಮುರದ್ರ ಇನ್ನೇನ ಉಳೀತು?”

ಮನೆಯಲ್ಲಿದ್ದ ನಿಘಂಟನ್ನು ತೆರೆದು ನೋಡಿದೆ. ‘ಶಾಖೆ’ ಎಂದಿತ್ತು. ವಿದ್ವಾಂಸನ ಗಾಂಭೀರ್ಯದಿಂದಲೇ, “ಅಕ್ಕಾ, ಒಂದು ಶಾಖೆ ಮುರಿದೈತಿ” ಎಂದೆ. “ಬ್ಯಾಂಕಿನ ಶಾಖಾ ಇರ್ತಾವಲ್ಲ, ಹಂಗೇನು?” ಎಂದು ಅವಳು ಕಣ್ಣು ಮುಚ್ಚಿದಳು. ಮೂವತ್ತು ವರ್ಷ ತರಗತಿಗಳಲ್ಲಿ ಶಬ್ದಾರ್ಥ ಹೇಳಿದವನಿಗೆ ಅಂದು ಆದಷ್ಟು ನಾಚಿಕೆ ಬೇರೆಂದೂ ಆಗಿರಲಿಲ್ಲ.

ಮೂರನೆಯ ದಿನ ಆ ತರುಣ ವೈದ್ಯರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಕವೆಗೋಲಿನ ಚಿತ್ರ ಬರೆದರು. “ಯವ್ವಾ, ಇದು ತೊಡಿ ಎಲುವಲ್ಲ. ಮುಂದಿನ ಕವಲಿನ ಎಲುವು. ಒಂದು ಕವಲು ಬಿರತೈತಿ, ಅಷ್ಟ. ಆಪರೇಶನ್ ಬ್ಯಾಡ. ನೋವು ತಡಕೊಳ್ಳೂವಷ್ಟು ನಡದಾಡ್ರಿ” ಎಂದರು. ಅಕ್ಕ ಎದ್ದು ಕೂಡಲು ಕೈ ಚಾಚಿದಳು.

ಮುದುಕರನ್ನು ಹಾಸಿಗೆಗೆ ಹಾಕುವುದು ಹೆಚ್ಚಾಗಿ ತೊಡೆಯೆಲುಬಿನ ಕೊರಳಿನ ಮುರಿತ. ಅದಕ್ಕೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಬೇಕು. ರೇಮಸ್ಸಿನ ಮುರಿತ ಸಾಮಾನ್ಯವಾಗಿ ವಿಶ್ರಾಂತಿಯಿಂದ, ಮೆಲ್ಲನೆ ನಡೆಯುವುದರಿಂದ ಕೂಡಿಕೊಳ್ಳುತ್ತದೆ. ಈ ಎರಡರ ನಡುವಣ ಅಂತರವನ್ನು ಒಂದು ಕನ್ನಡ ಶಬ್ದ ತಿಳಿಸಬಹುದಾಗಿತ್ತು.

ಊರಿಗೆ ಮರಳಿದ ಮೇಲೆ ಆ ಶಬ್ದದ ಬೆನ್ನು ಹತ್ತಿದೆ. ನಾವು ಇಂಗ್ಲಿಷಿನ ದಾರಿಯಿಂದ ‘ರೇಮಸ್’ ಎನ್ನುವುದನ್ನು ಲ್ಯಾಟಿನ್ನರು ‘ರಾಮುಸ್’ ಎಂದು ದೀರ್ಘವಾಗಿಯೇ ಉಚ್ಚರಿಸುತ್ತಿದ್ದರು. ಅಕ್ಕನ ಕಿವಿ ನನ್ನ ಕಿವಿಗಿಂತ ಲ್ಯಾಟಿನ್ನಿಗೆ ಹತ್ತಿರವಾಗಿತ್ತು! ಅದರ ಅರ್ಥ ಮರದ ಕೊಂಬೆ. ಬಹುವಚನದಲ್ಲಿ ‘ರಾಮಿ’. ಗರಿಗಳ ಭಾನುವಾರವನ್ನು ಫ್ರೆಂಚರು ‘ರಾಮೋ’ ಎಂದು ಕರೆಯುವುದೂ ಈ ಮೂಲದಿಂದಲೇ. ವ್ಯುತ್ಪತ್ತಿಕಾರರ ಅಭಿಪ್ರಾಯದಂತೆ, ಬೇರು ಎಂಬರ್ಥದ ‘ರಾಡಿಕ್ಸ್’ ಮತ್ತು ಕೊಂಬೆ ಎಂಬರ್ಥದ ‘ರಾಮುಸ್’ ಒಂದೇ ಪ್ರಾಚೀನ ಧಾತುವಿನಿಂದ ಬಂದವು. ಮಣ್ಣಿನೊಳಗೆ ಕವಲೊಡೆದುದು ಬೇರಾಯಿತು, ಗಾಳಿಯಲ್ಲಿ ಕವಲೊಡೆದುದು ಕೊಂಬೆಯಾಯಿತು.

1895ರಲ್ಲಿ ಶರೀರಶಾಸ್ತ್ರಜ್ಞರು ಬಾಸೆಲ್ ನಗರದಲ್ಲಿ ಸೇರಿ ಹೆಸರುಗಳನ್ನು ಒಪ್ಪಮಾಡಿದರು. ಅಲ್ಲಿಯವರೆಗೆ ಸುಮಾರು 5,000 ಅವಯವಗಳಿಗೆ ಸುಮಾರು 50,000 ಹೆಸರುಗಳು ಬಳಕೆಯಲ್ಲಿದ್ದುವಂತೆ. ಹಾಗೆ ಜರಡಿ ಹಿಡಿದ ಮೇಲೂ ‘ರಾಮುಸ್’ ಉಳಿದುಕೊಂಡಿತು. ಅದೂ ಒಂದಲ್ಲ, ಹಲವು ಕಡೆ.

ಕಿವಿಯ ಕೆಳಗೆ ಬೆರಳಿಟ್ಟು ನೋಡಿರಿ. ಹಲ್ಲುಗಳನ್ನು ಹೊತ್ತ ಕೆಳದವಡೆಯ ಎಲುಬು ಅಲ್ಲಿ ತಿರುಗಿ ಮೇಲಕ್ಕೇರುತ್ತದೆ. ಆ ಏರಿದ ಹಲಗೆ ದವಡೆಯ ರೇಮಸ್. ಅಕ್ಕನ ಮುರಿತವಿದ್ದುದು ಕಟಿಯ ಮುಂಭಾಗದಲ್ಲಿ. ಅಲ್ಲಿಯ ಎಲುಬು ಎರಡು ತೋಳುಗಳನ್ನು ಚಾಚುತ್ತದೆ. ಒಂದು ಮೇಲೆ ತೊಡೆಯ ಕೀಲಿನ ಗೂಡಿನತ್ತ ಹೋಗುತ್ತದೆ. ಇನ್ನೊಂದು ಕೆಳಗಿಳಿದು, ನಾವು ಕೂಡುವಾಗ ಭಾರ ಹೊರುವ ಎಲುಬಿನ ತೋಳನ್ನು ಸೇರುತ್ತದೆ. ನಡುವೆ ದೊಡ್ಡದೊಂದು ಕಂಡಿ. ವೈದ್ಯರು ಕವೆಗೋಲನ್ನು ಬರೆದುದು ಅದಕ್ಕಾಗಿ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ನರಗಳ ಸಂಗತಿ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದಕ್ಕೂ ಎರಡು ಬೇರು. ಹಿಂದಿನ ಬೇರು ಮುಟ್ಟಿದ, ನೊಂದ ಸುದ್ದಿಯನ್ನು ಒಳಗೆ ತರುತ್ತದೆ. ಮುಂದಿನದು ಸ್ನಾಯುಗಳಿಗೆ ಅಪ್ಪಣೆಯನ್ನು ಒಯ್ಯುತ್ತದೆ. ಎರಡೂ ಕೂಡಿ ಒಂದು ಗಿಡ್ಡ ಕಾಂಡವಾಗಿ, ಒಡನೆಯೇ ಮತ್ತೆ ಎರಡಾಗಿ ಸೀಳುತ್ತವೆ. ಆ ಸೀಳುಗಳೇ ರಾಮಿ. ಹಿಂದಿನದು ಬೆನ್ನಿಗೆ, ಮುಂದಿನ ದೊಡ್ಡದು ಪಕ್ಕೆ, ಎದೆ, ಕೈಕಾಲುಗಳಿಗೆ. ಬೇರಿನಲ್ಲಿ ಬೇರೆಬೇರೆಯಾಗಿದ್ದ ಸುದ್ದಿಯೂ ಅಪ್ಪಣೆಯೂ ಕವಲಿನಲ್ಲಿ ಬೆರೆತಿರುತ್ತವೆ. ಹಿಂದಿನ ಬೇರಿಗೆ ಪೆಟ್ಟಾದರೆ ಸ್ಪರ್ಶಕ್ಕೆ ಕೇಡು; ಹಿಂದಿನ ಕವಲಿಗೆ ಪೆಟ್ಟಾದರೆ ಬೆನ್ನಿನ ಸ್ಪರ್ಶಕ್ಕೂ ಚಲನೆಗೂ ಕೇಡು. ಅನುವಾದಕನು ಬೇರನ್ನೂ ಕವಲನ್ನೂ ಒಂದೇ ಶಬ್ದದಲ್ಲಿ ತಳ್ಳಿಬಿಟ್ಟರೆ ವಿದ್ಯಾರ್ಥಿ ತಪ್ಪು ಕಲಿಯುತ್ತಾನೆ. ಮೇಲೆ ಮಿದುಳು, ಕೆಳಗೆ ಹರಡಿದ ಕವಲು: ಗೀತೆಯ ಹದಿನೈದನೆಯ ಅಧ್ಯಾಯದ ತಲೆಕೆಳಗಾದ ಅಶ್ವತ್ಥ ನನಗಿಲ್ಲಿ ನೆನಪಾಗುತ್ತದೆ. ಗೀತಾಕಾರನು ಶವ ಕೊಯ್ದು ನೋಡಿದ್ದನೆಂದು ನಾನು ಹೇಳುತ್ತಿಲ್ಲ. ಅಂಥ ಹುರುಪಿನವರು ಬೇರೆ ಇದ್ದಾರೆ.

ರಕ್ತನಾಳಗಳ ವಿಷಯವನ್ನು ನಮ್ಮ ಸೀಮೆಯವರಿಗೆ ವಿವರಿಸುವುದೇ ಬೇಡ. ಘಟಪ್ರಭೆಯ ಕಾಲುವೆ ಧೂಪದಾಳದಿಂದ ಹೊರಟು ಒಡೆಯುತ್ತ, ಕಿರಿದಾಗುತ್ತ, ಕೊನೆಗೆ ಕಬ್ಬಿನ ಸಾಲಿಗೆ ನೀರು ಮುಟ್ಟಿಸುತ್ತದೆ. ಹೃದಯದಿಂದ ಹೊರಟ ಅಪಧಮನಿಯ ನಡೆಯೂ ಇದೇ. ಆದುದರಿಂದ ಅದಕ್ಕೆ ಕವಲುಗಳಿವೆ. ನದಿಯ ನಡೆ ಇದಕ್ಕೆ ವಿರುದ್ಧ. ಹಿರಣ್ಯಕೇಶಿಯೂ ಮಾರ್ಕಂಡೇಯವೂ ಬಂದು ಘಟಪ್ರಭೆಯನ್ನು ಕೂಡುತ್ತವೆ; ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ರಕ್ತವನ್ನು ಹಿಂದಕ್ಕೆ ತರುವ ಸಿರೆಗಳು ಹೀಗೆ ಕೂಡುತ್ತ ಬರುತ್ತವೆ. ಎಚ್ಚರವುಳ್ಳ ಶರೀರಶಾಸ್ತ್ರಜ್ಞರು ಸಿರೆಗೆ ‘ಕವಲು’ ಎನ್ನುವುದಿಲ್ಲ, ‘ಉಪನದಿ’ ಎನ್ನುತ್ತಾರೆ. ಈ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಇನ್ನು ‘ಶಾಖೆ’ಯ ಮಾತು. ಸಂಸ್ಕೃತ ಶಬ್ದವೆಂಬ ಕಾರಣಕ್ಕೆ ಅದನ್ನು ದೂರುವವನು ನಾನಲ್ಲ. ತೊಡಕಿರುವುದು ಬೇರೆಡೆ. ಸುಶ್ರುತಸಂಹಿತೆಯಲ್ಲಿ ‘ಶಾಖಾ’ ಎಂದರೆ ಕೈಕಾಲುಗಳು: ನಾಲ್ಕು ಶಾಖೆ, ನಡುವಣ ದೇಹ, ತಲೆ ಸೇರಿ ಷಡಂಗ ಶರೀರ. ಆಯುರ್ವೇದದಲ್ಲಿ ಹೀಗೆ ಒಂದು ಅರ್ಥ ನೆಲೆನಿಂತಿರುವ ಶಬ್ದವನ್ನು ಪಾಶ್ಚಾತ್ಯ ವೈದ್ಯದ ಇನ್ನೊಂದು ಅರ್ಥಕ್ಕೆ ಹಚ್ಚಿದರೆ ಎರಡೂ ಓದಿದವನಿಗೆ ಗೊಂದಲವಾಗುತ್ತದೆ. ಎರಡೂ ಓದದವನಿಗೆ ಬ್ಯಾಂಕು ಕಾಣುತ್ತದೆ. ‘ಟೊಂಗೆ’, ‘ರೆಂಬೆ’ಗಳು ಮರವನ್ನು ಬಿಟ್ಟು ಬರಲೊಲ್ಲವು.

‘ಕವಲು’ ಹಾಗಲ್ಲ. ತಮಿಳಿನಲ್ಲಿ ‘ಕವೈ’ ಎಂಬ ಅದರ ಸೋದರಿ ಇದ್ದಾಳೆ. ಇದು ದ್ರಾವಿಡ ನುಡಿಗಳ ಹಳೆಯ ಸೊತ್ತು. ದಾರಿ ಕವಲೊಡೆಯುತ್ತದೆ, ಹಾವಿನ ನಾಲಿಗೆ ಕವಲೊಡೆಯುತ್ತದೆ. ಒಡೆಯುವ ಎಡೆಗೂ ಒಡೆದ ತೋಳಿಗೂ ಅದೇ ಹೆಸರು. ಶರೀರಶಾಸ್ತ್ರ ಬಯಸುವುದೂ ಇದನ್ನೇ. ಬೆನ್ನುನರಕ್ಕೆ ‘ಹಿಂಗವಲು’, ‘ಮುಂಗವಲು’ ಎಂದರೆ ಸಾಕು. ದವಡೆಯ ರೇಮಸ್ಸಿಗೆ ಮಾತ್ರ ಅದು ಅಷ್ಟು ಒಗ್ಗದು. ಅಲ್ಲಿ ಒಡೆದದ್ದೇನೂ ಇಲ್ಲ, ತಿರುಗಿದ್ದಷ್ಟೇ. ‘ದವಡೆಯ ಏರು’ ಎನ್ನಬಹುದೆಂದು ನನ್ನ ಸೂಚನೆ. ಲ್ಯಾಟಿನ್ನರು ಒಂದೇ ಶಬ್ದ ಬಳಸಿದರೆಂದು ನಾವೂ ಒಂದನ್ನೇ ಬಳಸಬೇಕಾಗಿಲ್ಲ.

ಅಕ್ಕ ಎಂಟನೆಯ ವಾರಕ್ಕೆ ಕೋಲೂರಿ ಅಂಗಳಕ್ಕೆ ಬಂದಳು. ಮೊನ್ನೆ ನಾನು ಹೋದಾಗ ನೆರೆಮನೆಯವಳೊಬ್ಬಳು ಬಾಗಿಲಲ್ಲಿ ನಿಂತು, “ಏನಾಗಿತ್ರಿ ಯವ್ವಾ?” ಎಂದು ಕೇಳುತ್ತಿದ್ದಳು. “ಕವಲಿನ ಎಲುವು ಬಿರತಿತ್ತು, ಈಗ ಕೂಡೇತಿ” ಎಂದು ಅಕ್ಕ ಉತ್ತರಿಸಿ, ಕಾಲು ಚಾಚಿ ಕುಳಿತು ಅವರೆ ಸುಲಿಯತೊಡಗಿದಳು.