ಹದವಿದ್ದ ಹೊಲ, ಕೆಟ್ಟ ಗಾಳಿ

ಹನೂರು ತಾಲ್ಲೂಕಿನ ಶಾಗ್ಯದಂಥ ಊರಲ್ಲಿ ಮಳೆಯನ್ನೇ ನಂಬಿದ ಹೊಲದ ಮಗ್ಗುಲಲ್ಲೇ ಬೋರ್‌ವೆಲ್ ನೀರುಂಡ ಹಿಪ್ಪುನೇರಳೆ ತೋಟ ಇರಬಹುದು. ಗಾಳಿ ಎರಡಕ್ಕೂ ಒಂದೇ. ಅದರಲ್ಲಿ ವಿಷ ಬೆರೆತರೆ ಯಾವುದರ ಎಲೆ ಮೊದಲು ಸುಡುತ್ತದೆ? ಸಾಮಾನ್ಯವಾಗಿ, ನೀರುಂಡದ್ದರದು.

ಇದನ್ನು ವಿಜ್ಞಾನ ಅಳೆದು ನೋಡಿದ್ದು ಎರಡು ದೇಶಗಳ ವ್ಯಾಜ್ಯದ ನೆವದಲ್ಲಿ. ಕೆನಡಾದ ಟ್ರೇಲ್ ಊರಿನ ಸೀಸ, ಸತುವಿನ ಕಾರ್ಖಾನೆಯ ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಅಮೆರಿಕದ ಗಡಿ ದಾಟಿತು. ಅಲ್ಲಿನ ರೈತರ ಬೆಳೆ ಹಾಳಾಯಿತು. ಅಂತಿಮ ತೀರ್ಪು ಬಂದದ್ದು 1941ರಲ್ಲಿ. ನನಗೆ ತೀರ್ಪಿಗಿಂತ ದೊಡ್ಡದಾಗಿ ಕಾಣುವುದು ಆ ಜಗಳಕ್ಕಾಗಿ ನಡೆದ ಪ್ರಯೋಗಗಳು. ಕುದುರೆಮಸಾಲೆ ಸೊಪ್ಪಿನ ಮೇಲೆ ಅಳೆದು ಹೊಗೆ ಬಿಟ್ಟು ನೋಡಿದರು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ 1939ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿತು. ಮಣ್ಣಿನ ಹದ ಆರಿ ಬಾಡತೊಡಗಿದ ಗಿಡ ಹೊಗೆಯನ್ನು ಹೆಚ್ಚು ತಾಳಿಕೊಳ್ಳುತ್ತಿತ್ತು.

ಯಾಕೆ? ಎಲೆಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿವೆ, ಪತ್ರರಂಧ್ರಗಳು. ಹಿಪ್ಪುನೇರಳೆಯಲ್ಲಿ ಅವು ಹೆಚ್ಚಾಗಿ ಎಲೆಯ ಅಡಿಯಲ್ಲಿ. ಬೇರಿಗೆ ನೀರು ಸಿಕ್ಕರೆ ಹಗಲಲ್ಲಿ ತೆರೆಯುತ್ತವೆ, ಸಿಗದಿದ್ದರೆ ಮುಚ್ಚಿಕೊಳ್ಳುತ್ತವೆ. ವಿಷ ಒಳಹೋಗುವುದೂ ಅದೇ ದಾರಿಯಲ್ಲಿ.

ಓಝೋನ್ ಎಂಬ ಇನ್ನೊಂದು ವಿಷದ ಕತೆಯೂ ಇದೇ. ಲಾಸ್ ಏಂಜಲೀಸಿನಲ್ಲಿ 1940ರ ದಶಕದಿಂದ ಬೆಳೆಯ ಎಲೆ ಕೆಡುತ್ತಿತ್ತು. ವಾಹನದ ಹೊಗೆ ಬಿಸಿಲಿಗೆ ಬೆಂದು ಓಝೋನ್ ಆಗುತ್ತದೆಂದು ವಿಜ್ಞಾನಿ ಹಾಗೆನ್-ಸ್ಮಿತ್ ತೋರಿಸಿದರು. ಓಝೋನ್ ಪೇಟೆಯಲ್ಲೇ ಉಳಿಯುವುದಿಲ್ಲ, ಗಾಳಿ ಬೀಸಿದತ್ತ ಹಳ್ಳಿಗೂ ಹೋಗುತ್ತದೆ. 1985ರಲ್ಲಿ ಟಿಂಗಿ, ಹಾಗ್ಸೆಟ್ ಎಂಬಿಬ್ಬರು ಹುರುಳಿಕಾಯಿ ಗಿಡದಲ್ಲಿ ಒಂದು ಚೆಂದದ ಪರೀಕ್ಷೆ ಮಾಡಿದರು. ನೀರಿಲ್ಲದೆ ಒಣಗಿದ ಗಿಡದ ಬಾಯಿಯನ್ನು ಒಂದು ರಾಸಾಯನಿಕದಿಂದ ಬಲವಂತವಾಗಿ ತೆರೆಸಿದರು. ಒಣಗಿದ್ದರೂ ಓಝೋನ್ ಅದನ್ನು ಸುಟ್ಟಿತು. ನೀರುಂಡ ಗಿಡದ ಬಾಯಿ ಮುಚ್ಚಿಸಿದರು, ಅದು ಉಳಿಯಿತು. ಅಲ್ಲಿಗೆ, ಕಾಪಾಡಿದ್ದು ಬರವಲ್ಲ, ಮುಚ್ಚಿದ ಬಾಯಿ.

ಹಾಗಂತ ನೀರು ನಿಲ್ಲಿಸಿಬಿಡಬೇಡಿ! ಬಾಯಿ ಮುಚ್ಚಿದ ಗಿಡಕ್ಕೆ ಅನ್ನವೂ ಇಲ್ಲ. ಸೊಪ್ಪೇ ಬಾರದಿದ್ದರೆ ರೇಷ್ಮೆ ಹುಳುವಿಗೆ ಏನು ಹಾಕುವುದು? ನಮ್ಮ ಜಿಲ್ಲೆಯ ಕರಿಕಲ್ಲು ಕ್ವಾರಿಗಳ ದೂಳಿನ ಲೆಕ್ಕ ಬೇರೆ. ಅದು ಎಲೆಯ ಮೇಲೆ ಕೂತು ಬಿಸಿಲನ್ನೇ ತಡೆಯುತ್ತದೆ. ಅದನ್ನು ತೊಳೆಯುವುದು ಮಳೆ.

ನೀರು ಕಟ್ಟಿದ ತೋಟದಲ್ಲೂ ಎಲೆ ಕೆಟ್ಟರೆ ಹೀಗೆ ನೋಡಿ. ನೀರಿನ ಕೊರತೆಯಾದರೆ ಎಲೆ ಅಂಚಿನಿಂದ ಒಣಗುತ್ತಾ ಬರುತ್ತದೆ. ಓಝೋನ್ ಆದರೆ ಬಲಿತ ಎಲೆಯ ಮೇಲ್ಮೈಯಲ್ಲಿ, ನರಗಳನ್ನು ಬಿಟ್ಟು, ನಡುನಡುವೆ ಸಣ್ಣ ಚುಕ್ಕಿ ಏಳುತ್ತದೆ.