ಸಂತರಾಗುವುದು ಎಂದರೇನು?
(ಮಾರ್ಟಳ್ಳಿಯಲ್ಲಿ ನಡೆದ ಸೌಹಾರ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



1956ರವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ತಮಿಳು ಮಾತನಾಡುವ ಕ್ರೈಸ್ತ ಬಂಧುಗಳು ಬಹಳವಿದ್ದಾರೆ. ಹತ್ತಿರದಲ್ಲೇ ಮಲೆ ಮಹದೇಶ್ವರ ಬೆಟ್ಟ. ಸಂತತ್ವದ ಕುರಿತು ಮಾತನಾಡಲು ಇದಕ್ಕಿಂತ ತಕ್ಕ ಸ್ಥಳ ಇನ್ನಾವುದಿದೆ?

ಕ್ಯಾಥೊಲಿಕ್ ಸಭೆಯಲ್ಲಿ ಸಂತಪದವಿಗೆ ದೀರ್ಘ ವಿಚಾರಣೆಯಿದೆ. ಸಾಮಾನ್ಯವಾಗಿ ಮರಣಾನಂತರ ಐದು ವರ್ಷ ಕಾಯಬೇಕು, ಬದುಕನ್ನು ಪರಿಶೀಲಿಸಬೇಕು, ಪವಾಡ ದೃಢಪಡಬೇಕು. ಹುತಾತ್ಮರಾದವರನ್ನು ಪುನೀತರೆಂದು ಸಾರಲು ಪವಾಡ ಬೇಕಿಲ್ಲ, ಸಂತರೆಂದು ಸಾರಲು ಬೇಕು. ತಿರುವಾಂಕೂರು ಅರಮನೆಯ ಅಧಿಕಾರಿ ನೀಲಕಂಠ ಪಿಳ್ಳೈ 1745ರಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದರು. ಸೆರೆವಾಸ, ಚಿತ್ರಹಿಂಸೆಗಳನ್ನು ಸಹಿಸಿ 1752ರಲ್ಲಿ ಗುಂಡೇಟಿಗೆ ಬಲಿಯಾದರು. ಅವರನ್ನು ಸಂತರೆಂದು ಘೋಷಿಸಿದ್ದು 2022ರ ಮೇ 15ರಂದು, ಅಂದರೆ 270 ವರ್ಷಗಳ ಬಳಿಕ! ಘೋಷಣೆಗೆ ಮುನ್ನ ಅವರ ಹೆಸರಿನಿಂದ 'ಪಿಳ್ಳೈ' ಎಂಬ ಜಾತಿಸೂಚಕವನ್ನು ಕೈಬಿಡಲಾಯಿತು. ಪವಾಡಕ್ಕಿಂತ ಈ ಸಂಗತಿಯೇ ನನ್ನನ್ನು ಹೆಚ್ಚು ಸೆಳೆಯಿತು.

ಮಾದಪ್ಪನಿಗಾದರೋ ಯಾವ ಪೀಠವೂ ಪ್ರಮಾಣಪತ್ರ ಕೊಟ್ಟಿಲ್ಲ. ಕಂಸಾಳೆ ಹಿಡಿದ ದೇವರಗುಡ್ಡರ ಕಂಠದಲ್ಲಿ ಆತನ ಕಥೆ ಉಳಿಯಿತು.

ಇಸ್ಲಾಮಿನಲ್ಲಿಯೂ ವಲಿಯನ್ನು ನೇಮಿಸುವ ನ್ಯಾಯಪೀಠವಿಲ್ಲ. ವಲಿ ಎಂದರೆ ಅಲ್ಲಾಹನ ಆಪ್ತ. ಸೂರಃ ಯೂನುಸ್ ಈ ಆಪ್ತರಿಗೆ ಹೇಳುವ ಲಕ್ಷಣಗಳು ಎರಡೇ: ಸತ್ಯವಿಶ್ವಾಸ ಮತ್ತು ತಖ್ವಾ. ಕರಾಮತ್ತಿನ ಪ್ರಸ್ತಾಪ ಅಲ್ಲಿಲ್ಲ, ವಂಶದ ಪ್ರಸ್ತಾಪವೂ ಇಲ್ಲ. ಕಡ್ಡಾಯ ಕರ್ಮಗಳಿಂದ ಆರಂಭಿಸಿ ಐಚ್ಛಿಕ ಆರಾಧನೆಗಳ ಮೂಲಕ ದಾಸನು ತನ್ನ ಪ್ರಭುವಿಗೆ ನಿಕಟನಾಗುತ್ತಾನೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ದಾರಿ ಅಷ್ಟು ಸರಳ. ನಡೆಯುವುದು ಮಾತ್ರ ಕಠಿಣ.

ಗುಲ್ಬರ್ಗಾದ ಖ್ವಾಜಾ ಬಂದೇನವಾಝ್‌ರನ್ನು ನೋಡಿ. ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿ ತೊರೆದು, ಇಳಿವಯಸ್ಸಿನಲ್ಲಿ ದಕ್ಖನಿಗೆ ಬಂದವರು ಅವರು. 1422ರಲ್ಲಿ ತೀರಿಕೊಳ್ಳುವವರೆಗೂ ಬೋಧನೆ, ಬರವಣಿಗೆಗಳಲ್ಲೇ ಮುಳುಗಿದ್ದರು. ಇಂದು ಅವರ ಉರೂಸಿಗೆ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಅವರು ಬರೆದುದನ್ನು ಓದಿದ್ದೇವೆ? ಚಾದರದ ಬೆಲೆ ಬಲ್ಲೆವು, ಗ್ರಂಥದ ಹೆಸರು ಅರಿಯೆವು.

ಸಜ್ಜಾದೆಯ ಗದ್ದುಗೆ ತಂದೆಯಿಂದ ಮಗನಿಗೆ ಬರಬಹುದು, ವಿಲಾಯತ್ ಬಾರದು. ಜ್ವರದಿಂದ ನರಳುವ ಮಗುವನ್ನು ಆಸ್ಪತ್ರೆಗೆ ಒಯ್ಯದೆ, ತಾಯಿಯ ಕಿವಿಯೋಲೆ ಅಡವಿಟ್ಟು ತಾಯಿತ ಕೊಳ್ಳುವಂತೆ ಮಾಡುವವನನ್ನು ವಲಿ ಎನ್ನುವುದು ಔಲಿಯಾಗಳಿಗೇ ಮಾಡುವ ಅಪಚಾರ. ಅಂಥವನು ಗಾಳಿಯಲ್ಲಿ ಹಾರಿ ತೋರಿಸಿದರೂ ಸರಿಯೇ, ಮೊದಲು ಆ ತಾಯಿಯ ಓಲೆಯನ್ನು ಹಿಂದಿರುಗಿಸಲಿ.