ಏನೂ ಆಗದಂತೆ ನೋಡಿಕೊಂಡವರು

ಬೀದರಿನ ಗಾಂಧಿ ಗಂಜ್‌ನಲ್ಲಿ ತೊಗರಿ, ಉದ್ದಿನ ಚೀಲಗಳ ತೂಕ ನಡೆಯುವಾಗ ಮೇಲೆ ವಾಯುಪಡೆಯ ತರಬೇತಿ ವಿಮಾನದ ಸದ್ದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಅಷ್ಟು ರೂಢಿಯಾಗಿದೆ ಅದು. ಪ್ರಯಾಣಿಕರ ವಿಮಾನ ಇಲ್ಲಿಂದ ಹಾರತೊಡಗಿದ್ದು ಮಾತ್ರ 2020ರ ಫೆಬ್ರುವರಿ 7ರಂದು. ವಿಮಾನದ ಸದ್ದಿನ ಕೆಳಗೇ ಬದುಕುವ ಊರಿನವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪ್ರಯಾಣಿಕರ ವಿಮಾನದ ಪೈಲಟ್ ಆಗಿದ್ದ ತಂದೆ ತೀರಿಕೊಂಡ ಮೇಲೆ ಮಕ್ಕಳು ಅವರನ್ನು ಯಾವುದಕ್ಕಾಗಿ ನೆನೆಯಬೇಕು? ಸಾಹಸಕ್ಕಾಗಿ ಎಂಬ ಉತ್ತರ ಥಟ್ಟನೆ ಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಏನೂ ಆಗದೆ ಮುಗಿದ ಸಾವಿರಾರು ದಿನಗಳೇ ಅವರ ನಿಜವಾದ ಸಾಧನೆ. ಸ್ಮರಣೆ ಸಲ್ಲಬೇಕಾದದ್ದು ಅದಕ್ಕೆ.

ಇದಕ್ಕೆ ಪೈಲಟ್‌ನ ಲಾಗ್‌ಬುಕ್ಕೇ ಸಾಕ್ಷಿ. ತಾರೀಖು, ವಿಮಾನದ ಮಾದರಿ, ಅದರ ನೋಂದಣಿ ಅಕ್ಷರ, ಎಲ್ಲಿಂದ ಎಲ್ಲಿಗೆ, ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು: ಇಂಥವೇ ಅದರ ಅಂಕಣಗಳು. ಅಡತ್ ಅಂಗಡಿಯ ಖಾತೆ ಪುಸ್ತಕದಂತೆ ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುತ್ತಾರೆ. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್‌ಗೆ ನಮ್ಮಲ್ಲಿ ಕನಿಷ್ಠ 1500 ಗಂಟೆ ಹಾರಿರಬೇಕು. ವರ್ಷಕ್ಕೆ 1000 ಗಂಟೆ ಮೀರಿ ಹಾರುವಂತಿಲ್ಲ. ಹತ್ತು ಸಾವಿರ ಗಂಟೆ ದಾಟಿದ ಲಾಗ್‌ಬುಕ್ ಎಂದರೆ ಹತ್ತು ವರ್ಷಕ್ಕೂ ಮೀರಿದ ದುಡಿಮೆ. ಆದರೆ ಸುರಕ್ಷಿತವಾಗಿ ಮನೆ ಸೇರಿದ ಒಬ್ಬ ಪ್ರಯಾಣಿಕನ ಹೆಸರೂ ಅದರಲ್ಲಿ ಇರುವುದಿಲ್ಲ. ಅಂಚೆ ತರುತ್ತಿದ್ದ ಪೈಲಟ್‌ಗಳದೂ ಇದೇ ಕಥೆ. ಹಿಂದೆ ರಾತ್ರಿ ಅಂಚೆ ವಿಮಾನಗಳು ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟು ನಡುರಾತ್ರಿ ನಾಗಪುರದಲ್ಲಿ ಕೂಡಿ, ಅಂಚೆ ಚೀಲ ಬದಲಿಸಿಕೊಂಡು ಹಿಂದಿರುಗುತ್ತಿದ್ದವು. ಬೆಳಿಗ್ಗೆ ಕಾಗದ ಕೈಗೆ ಬಂದಾಗ ಅದನ್ನು ತಂದ ಪೈಲಟ್ ಯಾರಿಗೆ ನೆನಪಾದಾನು?

ಕೈತುಂಬ ಸಂಬಳ ಬರುತ್ತದೆ, ಕಂಪ್ಯೂಟರ್ ವಿಮಾನ ನಡೆಸುತ್ತದೆ, ಇದರಲ್ಲಿ ಸ್ಮರಿಸುವಂಥದ್ದೇನು ಎಂದು ಕೇಳುವವರಿದ್ದಾರೆ. ಇಳಿಯಬೇಕಾದ ವಿಮಾನ ಮತ್ತೆ ಮೇಲೇರುವುದನ್ನು ಒಮ್ಮೆ ಯೋಚಿಸಿ. ನೆಲದಿಂದ ಸುಮಾರು 1000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಎತ್ತರ, ದಿಕ್ಕು ಮೂರೂ ಹದಕ್ಕೆ ಬಂದಿರಬೇಕು. ಬಾರದಿದ್ದರೆ ಎಂಜಿನ್‌ಗೆ ಬಲ ಕೊಟ್ಟು ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಹಾಗೆ ಮಾಡಿದರೆ ಇಂಧನ ಹೋಗುತ್ತದೆ, ತಡವಾಗುತ್ತದೆ, ಒಳಗಿದ್ದವರು ಗೊಣಗುತ್ತಾರೆ. ಹಾರ ಹಾಕುವವರು ಯಾರೂ ಇರುವುದಿಲ್ಲ. ಸಂಬಳ ಪೈಲಟ್‌ನ ಕುರ್ಚಿಯಲ್ಲಿ ಕೂರಿಸಬಹುದು. ನೂರಾರು ಜೀವಗಳ ಹೊಣೆ ಹೊತ್ತು ‘ಈಗ ಇಳಿಯುವುದಿಲ್ಲ’ ಎಂದು ತೀರ್ಮಾನಿಸುವ ಗಟ್ಟಿತನ ಮನುಷ್ಯನದು.

ಇದಕ್ಕಿಂತ ಕಠಿಣವಾದ ಆಕ್ಷೇಪವೂ ಇದೆ. ತಂದೆ ಅಪಘಾತದಲ್ಲೇ ತೀರಿಕೊಂಡು, ತನಿಖೆ ಅವರ ತಪ್ಪನ್ನೇ ತೋರಿಸಿದರೆ ಏನು ಮಾಡುವುದು? 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ರನ್‌ವೇಗಿಂತ ಮೊದಲೇ ನೆಲಕ್ಕೆ ಬಡಿದು, 146 ಮಂದಿಯಲ್ಲಿ 92 ಜನ ಸತ್ತರು. ವೇಗ ಕುಸಿಯುತ್ತಿದ್ದುದನ್ನು ಪೈಲಟ್‌ಗಳು ಸಕಾಲಕ್ಕೆ ಗಮನಿಸಲಿಲ್ಲ ಎಂದು ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ ಹೇಳಿತು. 2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ 158 ಜನ ಸತ್ತರು. ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದಿದ್ದರೂ ಕ್ಯಾಪ್ಟನ್ ಕೇಳಲಿಲ್ಲ ಎಂಬುದು ಅದರ ತನಿಖಾ ವರದಿಯಲ್ಲಿದೆ. ಇಂಥ ವರದಿ ಓದುವ ಮಕ್ಕಳ ಎದೆಯಲ್ಲಿ ಏನಾಗುತ್ತದೆಂದು ಊಹಿಸುವುದೂ ಕಷ್ಟ. ಆದರೂ ಸತ್ಯವನ್ನು ಮುಚ್ಚಿಡುವುದು ಗೌರವವಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ತನಿಖೆಯ ಉದ್ದೇಶ ಇನ್ನೊಂದು ಅಪಘಾತ ತಪ್ಪಿಸುವುದು, ತಪ್ಪು ಹೊರಿಸುವುದಲ್ಲ. ಕೊನೆಯ ನಿಮಿಷದ ತಪ್ಪು ನಿಜ, ಅದಕ್ಕೆ ಮೊದಲಿನ ಸಾವಿರಾರು ಗಂಟೆಗಳೂ ನಿಜ. ಎರಡನ್ನೂ ಒಪ್ಪಿಕೊಳ್ಳುವ ಸ್ಮರಣೆ ಗಟ್ಟಿಯಾಗಿ ನಿಲ್ಲುತ್ತದೆ.

ಪೈಲಟ್ ತಂದೆ ಹಬ್ಬಕ್ಕೆ ಮನೆಯಲ್ಲಿರಲಿಲ್ಲ, ಪರೀಕ್ಷೆಯ ದಿನ ಊರಲ್ಲಿರಲಿಲ್ಲ ಎಂಬ ನೋವೂ ಸುಳ್ಳಲ್ಲ. ಬೇರೆಯವರ ಮಕ್ಕಳನ್ನು ಹಬ್ಬಕ್ಕೆ ಮನೆ ಮುಟ್ಟಿಸಿದ್ದರಿಂದ ಆ ಕೊರತೆ ತುಂಬಿತು ಎನ್ನಲಾರೆ. ಆ ಗೈರುಹಾಜರಿಗೆ ಅರ್ಥವಿತ್ತು ಎನ್ನಬಲ್ಲೆ. ಅದಕ್ಕೇ ತಂದೆಯ ಪುಣ್ಯತಿಥಿಯಂದು ಫೋಟೋಕ್ಕೆ ಹಾರ ಹಾಕಿದ ಮೇಲೆ ಲಾಗ್‌ಬುಕ್ಕಿನ ಒಂದು ಪುಟವನ್ನು ಮೊಮ್ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಹೊರಟ ಊರು, ಇಳಿದ ಊರು, ಹಿಡಿದ ಹೊತ್ತು ಹೇಳಿ. ಪ್ರತಿ ಸಾಲೂ ಕ್ಷೇಮವಾಗಿ ಇಳಿದವರ ಲೆಕ್ಕ ಎಂದು ತಿಳಿಸಿ. ತನ್ನ ಕೆಲಸವನ್ನು ಯಾರೂ ಗಮನಿಸದಷ್ಟು ಸರಿಯಾಗಿ ಮಾಡುವುದು ಎಷ್ಟು ದೊಡ್ಡದೆಂದು ಆ ಮಕ್ಕಳು ಅಜ್ಜನಿಂದಲೇ ಕಲಿಯಲಿ.